ಸೋಮವಾರದ ಬೆಣ್ಣೆ ಸಾಲು

ನಮ್ಮ ಮನೆಯಲ್ಲಿ ದಿನಗಳಿಗೆ ವಾಸನೆ ಇತ್ತು. ಕಣ್ಣು ಮುಚ್ಚಿಕೊಂಡು ನಡುಮನೆಗೆ ಬಂದರೂ ಇವತ್ತು ಯಾವ ವಾರ ಎಂದು ಮೂಗೇ ಹೇಳುತ್ತಿತ್ತು. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯ ಆ ಮನೆಯಲ್ಲಿ ನಮ್ಮವ್ವ ಬೆಣ್ಣೆ ವ್ಯಾಪಾರ ಮಾಡುತ್ತಿದ್ದಳು. ಬೆಳಗಾಗುವುದೇ ತಡ, ಆವರಗೆರೆ, ಶಾಮನೂರು ಕಡೆಯ ಹೆಂಗಸರು ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬೋಗುಣಿ, ಬೋಗುಣಿಯ ನೀರಿನಲ್ಲಿ ತೇಲುವ ಬೆಣ್ಣೆ ಮುದ್ದೆ ಹೊತ್ತು ಬಾಗಿಲಿಗೆ ಬರುತ್ತಿದ್ದರು. ಅವ್ವ ತೂಗಿ ತೆಗೆದುಕೊಳ್ಳುತ್ತಿದ್ದಳು. ಅದರಲ್ಲಿ ಹೆಚ್ಚಿನದು ಆವತ್ತೇ ದೋಸೆ ಹೋಟೆಲುಗಳಿಗೆ ಹೋಗುತ್ತಿತ್ತು. ಉಳಿದದ್ದು ನಮ್ಮ ಮನೆಯಲ್ಲಿ ತನ್ನ ಸರದಿ ಬರುವವರೆಗೆ ಕಾದಿದ್ದು ತುಪ್ಪವಾಗುತ್ತಿತ್ತು. ಅಪ್ಪ ಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅವರಿಗೆ ಮಾತು ಕಡಿಮೆ, ವಿಭೂತಿ ಜಾಸ್ತಿ ಎಂದು ಅಜ್ಜಿ, ಅಂದರೆ ಅವರ ತಾಯಿಯೇ, ನಗುತ್ತಿದ್ದಳು.

ಆ ಕಾಯುವ ಬೆಣ್ಣೆಗೆ ಒಂದು ಕಟ್ಟುಪಾಡಿತ್ತು. ದೇವರ ಜಗಲಿಯ ಪಕ್ಕದಿಂದ ಅಡುಗೆಮನೆಯ ಬಾಗಿಲಿನವರೆಗೆ ಗೋಡೆಗುಂಟ ಒಂದು ತಣ್ಣನೆಯ ಕಲ್ಲುಕಟ್ಟೆ. ಇವತ್ತು ಬಂದ ಬೆಣ್ಣೆ ದೇವರ ಹತ್ತಿರ. ನಿನ್ನೆಯದು ಅದರ ಪಕ್ಕ. ಮೊನ್ನೆಯದು ಅದರ ಪಕ್ಕ. ಪ್ರತಿ ಬೆಳಗ್ಗೆ ಒಂದೊಂದು ಬೋಗುಣಿಯನ್ನೂ ಒಂದೊಂದು ಜಾಗ ಸರಿಸಿ, ಮೊದಲ ಜಾಗವನ್ನು ಹೊಸ ಬೆಣ್ಣೆಗೆ ಬಿಡಿಸಿಕೊಡುವುದು ನನ್ನ ಕೆಲಸ. ಬಾಗಿಲಿಗೆ ಬಂದ ಬೋಗುಣಿ ಒಲೆಗೆ ಹೋಗುತ್ತಿತ್ತು. ಸೋಮವಾರ ಮಾತ್ರ ಬೆಣ್ಣೆ ಕಾಸುವಂತಿರಲಿಲ್ಲ. ಶಿವನ ವಾರ, ಅವತ್ತು ಹಾಲಿನಿಂದ ಹುಟ್ಟಿದ್ದನ್ನು ಬೆಂಕಿಗೆ ಕೊಡಬಾರದು ಎಂದು ಅಜ್ಜಿ ಮಾಡಿಟ್ಟ ನೇಮ. ಹೀಗಾಗಿ ಸೋಮವಾರ ಸಾಲು ಉದ್ದವಾಗುತ್ತಿತ್ತು, ಮನೆ ತುಂಬ ವಾಸನೆಯೂ ಆಗುತ್ತಿತ್ತು. ಸರಿಸುವಾಗ ನಾನು ಒಂದೊಂದನ್ನೂ ಮೂಸುತ್ತಿದ್ದೆ. ಅಕ್ಕಪಕ್ಕದ ಎರಡಕ್ಕೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ದೇವರ ಕಡೆಯ ತುದಿಯದನ್ನು ಮೂಸಿ ಬಾಗಿಲ ಕಡೆಯ ತುದಿಗೆ ಓಡಿದರೆ ಮಾತ್ರ ಆಕಡೆ ಹಸುಗೂಸಿನ ನೆತ್ತಿಯ ವಾಸನೆ, ಈಕಡೆ ಮೂಗು ಹಿಂಡುವ ಕಮಟು.

ಕೆಲಸದಲ್ಲೂ ನಮಗೆ ಇಂಥದೇ ಸಾಲು. ಅವ್ವ ತಕ್ಕಡಿಯ ಮುಂದೆ. ದೊಡ್ಡವಳು ಗಿರಿಜಕ್ಕ ಬೆಣ್ಣೆ ತೊಳೆಯುವ ಮಣೆಯ ಮೇಲೆ. ನಡುವಿನವಳು ಶಾಂತಕ್ಕ ಒಲೆಯ ಮುಂದಿನ ಮಣೆಯ ಮೇಲೆ, ಕುದಿಯುವ ಬೆಣ್ಣೆಗೆ ವೀಳ್ಯದೆಲೆ ಹಾಕಿ, ಅದು ಗರಿಗರಿಯಾಗುವುದನ್ನೇ ನೋಡುತ್ತ. ಮೊದಲು ಆ ಮಣೆ ಅಜ್ಜಿಯದು. ಹೊಗೆಗೆ ಅವಳ ಕಣ್ಣು ಸೋತಾಗ ಶಾಂತಕ್ಕನನ್ನು ಶಾಲೆ ಬಿಡಿಸಿ ಅಲ್ಲಿ ಕೂರಿಸಿದರು. ಅವ್ವ ಓದಿದ್ದು ಏಳನೇ ಇಯತ್ತೆ, ಗಿರಿಜಕ್ಕ ಎಂಟು, ಶಾಂತಕ್ಕ ಒಂಬತ್ತು. ನಾನು ಹತ್ತರಲ್ಲಿದ್ದೆ. ನಮ್ಮ ಮನೆಯ ಹೆಣ್ಣುಮಕ್ಕಳು ಓದಿನಲ್ಲಿ ಹೀಗೆ ಒಂದೊಂದೇ ಮೆಟ್ಟಿಲು ಮೇಲೆ ಬಂದದ್ದನ್ನು ನೆನೆದರೆ ಈಗ ಎದೆ ತುಂಬುತ್ತದೆ. ಆಗ ನನಗೆ ಕಂಡದ್ದು ಬೇರೆ. ಎಷ್ಟೇ ಮೇಲೆ ಹೋದರೂ ಕೊನೆಗೆ ಎಲ್ಲರೂ ಬಂದು ಕೂರುವುದು ಅದೇ ಮಣೆಗೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಗಿರಿಜಕ್ಕನಿಗೆ ರಾಣೆಬೆನ್ನೂರಿನ ಕಡೆ ಗಂಡು ಗೊತ್ತಾಯಿತು. ಮನೆಯವರೆಲ್ಲ ಸಕ್ಕರೆ ತಿನ್ನುತ್ತಿರುವಾಗಲೇ ಅಜ್ಜಿ ಲೆಕ್ಕ ಇತ್ಯರ್ಥ ಮಾಡಿಬಿಟ್ಟಳು.

"ಗಿರಿಜಾ ಎದ್ದ ಜಾಗಕ್ಕೆ ಶಾಂತಾ. ಶಾಂತಾ ಎದ್ದ ಜಾಗಕ್ಕೆ ಪಾರಿ. ಸಂಕ್ರಾಂತಿ ಕಳೀಲಿ, ಕೂಡ್ರಿಸಿಬಿಡ್ರಿ."

"ಪರೀಕ್ಷೆ ಐತಲ್ಲಜ್ಜಿ," ಎಂದೆ.

"ಪರೀಕ್ಷೆ ವರ್ಷಾ ವರ್ಷಾ ಬರ್ತೈತೆ ತಾಯಿ. ಬೆಣ್ಣಿ ದಿನಾ ಬರ್ತೈತೆ."

ಅಜ್ಜಿ ಕೆಟ್ಟವಳಲ್ಲ, ಅವಳ ಮಾತಿನಲ್ಲಿ ತಪ್ಪೂ ಇರಲಿಲ್ಲ. ಕೈ ಕಡಿಮೆಯಾದರೆ ಬೆಣ್ಣೆ ಕೆಡುತ್ತಿತ್ತು. ನನಗೂ ಅದು ಅನ್ಯಾಯ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ. ದಿನಾ ಬೋಗುಣಿ ಸರಿಸುತ್ತಿದ್ದವಳಿಗೆ ತನ್ನ ಸರದಿ ಬರುವುದು ಗೊತ್ತಿರುವುದಿಲ್ಲವೇ? ಶಾಲೆ ಎಂದರೆ ನನಗೆ ಸ್ವರ್ಗವೇನೂ ಆಗಿರಲಿಲ್ಲ. ನನ್ನ ಲಂಗ, ಪುಸ್ತಕದ ಚೀಲ, ಜಡೆ ಎಲ್ಲಕ್ಕೂ ಮನೆಯ ವಾಸನೆ ಹತ್ತಿತ್ತು. ಬೆಂಚಿನ ಮೇಲೆ ನನ್ನ ಪಕ್ಕ ಒಂದು ಗೇಣು ಜಾಗ ಯಾವಾಗಲೂ ಖಾಲಿ. ಹೆಸರು ಪಾರ್ವತಿ, ಕರೆಯುತ್ತಿದ್ದದ್ದು "ಬೆಣ್ಣಿ ಪಾರಿ". ಆದರೂ ನನಗೆ ಅಲ್ಲಿಗೆ ಹೋಗಬೇಕಿತ್ತು. ಅದಕ್ಕೆ ಒಂದು ಕಾರಣ ನಮ್ಮ ವಿಜ್ಞಾನದ ಟೀಚರ್. ಹರಿಹರದಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದ ಸಣಕಲು ಹೆಂಗಸು. ಸೀರೆಯ ಸೆರಗಿಗೆ ಸೀಮೆಸುಣ್ಣ, ದನಿ ಗಂಟೆಯಂತೆ.

ಒಂದು ದಿನ ಅವರು ಬೋರ್ಡಿನ ಮೇಲೆ ಆಮ್ಲಗಳನ್ನು ಒಂದರ ಕೆಳಗೊಂದು ಬರೆದರು. ಫಾರ್ಮಿಕ್, ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್. ಮೊದಲನೆಯದಕ್ಕೆ ಒಂದು ಕಾರ್ಬನ್, ಎರಡನೆಯದಕ್ಕೆ ಎರಡು, ಹೀಗೆ. ಒಂದರಿಂದ ಮುಂದಿನದಕ್ಕೆ ಹೋದರೆ ಒಂದು ಕಾರ್ಬನ್, ಎರಡು ಹೈಡ್ರೋಜನ್ ಹೆಚ್ಚು, ಅಷ್ಟೇ. ಎಲ್ಲದರ ತುದಿಯಲ್ಲೂ ಇರುವ ಗುಂಪು ಮಾತ್ರ ಒಂದೇ. ಆಮ್ಲದ ಗುಣ ಕೊಡುವುದು ಅದೇ, ಅದಕ್ಕೆ ಕ್ರಿಯಾಗುಂಪು ಎಂದು ಹೆಸರು. ಇಂಥ ಸಾಲಿಗೆ ಅನುರೂಪ ಶ್ರೇಣಿ ಎನ್ನುತ್ತಾರೆ. ಎಲ್ಲರೂ ಬರೆದುಕೊಂಡರು. ಆಮೇಲೆ ಟೀಚರ್ ಸೀಮೆಸುಣ್ಣ ಕೆಳಗಿಟ್ಟು ಹೇಳಿದರು:

"ಒಂದನೇದು ಕೆಂಪಿರುವೆ ಕಚ್ಚಿದಾಗ ಉರಿಯುತ್ತಲ್ಲ, ಅದು. ಎರಡನೇದು ವಿನೆಗರ್‌ನಲ್ಲಿರೋದು. ನಾಲ್ಕನೇದು, ಹಳೇ ಬೆಣ್ಣೆ ಕಮಟು ಹೊಡೆಯುತ್ತಲ್ಲ, ಆ ವಾಸನೆ."

ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಹಿಂದಿನ ಬೆಂಚಿನಿಂದ ಯಾರೋ, "ಬ್ಯುಟಿರಿಕ್ ಪಾರಿ," ಎಂದರು. ನನ್ನ ಕಿವಿ ಕಾದವು. ಆದರೆ ಕಣ್ಣು ಬೋರ್ಡು ಬಿಟ್ಟು ಕದಲಲಿಲ್ಲ. ಇಷ್ಟು ದಿನ ನಾನು ಸೋಪು ಹಚ್ಚಿ ಹಚ್ಚಿ ತಿಕ್ಕಿದ ವಾಸನೆಗೆ ಅಲ್ಲೊಂದು ಹೆಸರಿತ್ತು, ಸೂತ್ರವಿತ್ತು, ಹಿಂದೆ ಮುಂದೆ ಬಂಧುಬಳಗವಿತ್ತು. ಅಷ್ಟೇ ಅಲ್ಲ, ಅಲ್ಲಿ ನಮ್ಮ ಮನೆಯ ಕಲ್ಲುಕಟ್ಟೆಯೇ ಇತ್ತು. ಒಂದೊಂದೇ ಹೆಜ್ಜೆ ಸರಿಯುತ್ತ ಕಮಟಿಗೆ ಬಂದು ನಿಲ್ಲುವ ಸಾಲು! ನಾನು ಎದ್ದು ನಿಂತೆ. ಕರೆಯದೆ ಎದ್ದು ನಿಂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಟೀಚರ್, ಇದು ನಂಗೆ ಗೊತ್ತೈತ್ರಿ. ಮೊದಲನೇದು ಹಳೇದಾದ್ರೆ ಎರಡನೇದು ಆಗ್ತೈತೆ. ಅದು ಇನ್ನಷ್ಟು ಹಳೇದಾದ್ರೆ ಮೂರನೇದು. ದಿನಕ್ಕೊಂದು ಕಾರ್ಬನ್ ಕೂಡಿಕೆಂತ ಹೋಗಿ ನಾಲ್ಕಕ್ಕೆ ಕಮಟಾಗ್ತೈತೆ."

"ಹಂಗಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನಮ್ಮನೆ ಕಟ್ಟೆ ಮ್ಯಾಲೆ ಐತ್ರಿ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ.

"ನಗೋದು ನಿಲ್ಲಿಸ್ರಿ. ಅವಳು ಹೇಳಿದ್ದು ತಪ್ಪು. ಆದ್ರೆ ನೀವೆಲ್ಲ ಬೋರ್ಡಿನ ಮೇಲಿಂದು ಪುಸ್ತಕಕ್ಕೆ ಇಳಿಸಿದ್ರಿ. ಅವಳು ಮನೆಗೆ ಒಯ್ದು ಇಟ್ಟು ನೋಡಿದ್ಲು." ನನ್ನ ಕಡೆ ತಿರುಗಿ, "ಎಲ್ಲಿ ತಪ್ಪಿದೆ ಅಂತ ಇಲ್ಲೇ ಹೇಳಬಹುದು. ಆದ್ರೆ ನಾನೂ ಆ ಕಟ್ಟೆ ನೋಡಬೇಕಲ್ಲ," ಎಂದರು.

ಅವರು ಸುಮ್ಮನೆ ಹೇಳಿದರು ಎಂದುಕೊಂಡಿದ್ದೆ. ಬಂದೇಬಿಟ್ಟರು, ಮುಂದಿನ ಸೋಮವಾರ, ಶಾಲೆ ಬಿಟ್ಟ ಮೇಲೆ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಬಾಚಣಿಗೆ ಮುಟ್ಟುವಂತಿಲ್ಲ. ಅದಕ್ಕಾಗಿ ಸಂಜೆಗೆ ಮೊದಲು ನಾವು ಮೂವರೂ ನಡುಮನೆಯಲ್ಲಿ ಒಬ್ಬರ ಹಿಂದೊಬ್ಬರು ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದೆವು. ಗಿರಿಜಕ್ಕನ, ಶಾಂತಕ್ಕನ ಜಡೆ ಮುಗಿದಿದ್ದವು. ನನ್ನ ಕೂದಲು ಶಾಂತಕ್ಕನ ಕೈಯಲ್ಲಿತ್ತು. ಬಾಗಿಲಲ್ಲಿ ಟೀಚರ್ ಚಪ್ಪಲಿ ಬಿಡುತ್ತಿದ್ದುದನ್ನು ನೋಡಿ ನಾನು ಏಳಲು ಹೋದರೆ ಶಾಂತಕ್ಕ ಜಡೆ ಹಿಡಿದು ಕೂರಿಸಿದಳು. ಅವ್ವ ಸೆರಗು ಸರಿಮಾಡಿಕೊಂಡು ಗಾಬರಿಯಿಂದ ಎದ್ದಳು.

"ಬರ್ರಿ ಟೀಚರ್, ಕೂಡ್ರಿ. ನಮ್ಮ ಹುಡುಗಿ ಏನರ ತಪ್ಪು ಮಾಡ್ಯಾಳಾ?"

"ಮಾಡಿದಾಳೆ ಅಮ್ಮಾ. ಒಳ್ಳೇ ತಪ್ಪು. ಅದನ್ನ ನೋಡಿ, ಹಂಗೇ ಒಂದಿಷ್ಟು ಬೆಣ್ಣೆ ತಗೊಂಡು ಹೋಗೋಣ ಅಂತ ಬಂದೆ."

ಮಂಡಕ್ಕಿ, ಚಹಾ, ಅಕ್ಕಂದಿರ ಪರಿಚಯ ಆಯಿತು, ನನ್ನ ಜಡೆಯೂ ಮುಗಿಯಿತು. ಟೀಚರ್ ಎದ್ದು ಕಟ್ಟೆಯ ಬಳಿ ಹೋಗಿ, ದೇವರ ಕಡೆಯ ತುದಿಯಿಂದ ಒಂದೊಂದೇ ಬೋಗುಣಿಗೆ ಬಗ್ಗಿ ಮೂಸುತ್ತ ಬಂದರು. ನಡುವೆ ಒಮ್ಮೆ ಹಿಂದಕ್ಕೆ ಹೋಗಿ ಮತ್ತೆ ಮೂಸಿದರು. ಕೊನೆಯದಕ್ಕೆ ಬಂದವರೇ, "ಶಿವಶಿವಾ," ಎಂದು ಮೂಗಿಗೆ ಸೆರಗು ಹಿಡಿದರು. ಶಿವನ ಹೆಸರು ಕೇಳಿ ಅಜ್ಜಿಗೆ ಖುಷಿಯಾಯಿತು.

"ಪಾರ್ವತಿ, ನೀನು ಹಂಗೆ ಯಾಕೆ ಹೇಳಿದೆ ಅಂತ ಈಗ ಗೊತ್ತಾಯ್ತು," ಎಂದರು ಟೀಚರ್. "ಈ ಕಟ್ಟೆ ನೋಡಿದೋರು ಯಾರಾದ್ರೂ ಹಂಗೇ ಅನ್ನಬೇಕು. ಆದ್ರೆ ಕೇಳು. ಇಲ್ಲಿ ದಿನಕ್ಕೊಂದು ಹೊಸ ಆಮ್ಲ ಆಗ್ತಾ ಇಲ್ಲ. ಆ ನಾಲ್ಕನೇ ಆಮ್ಲ ಮೊದಲ ದಿನವೇ ಬೆಣ್ಣೆಯೊಳಗೆ ಕಟ್ಟಿಹಾಕಿಕೊಂಡು ಕೂತಿರುತ್ತೆ. ದಿನಾ ಒಂದಿಷ್ಟು ಬಿಡಿಸಿಕೊಂಡು ಹೊರಗೆ ಬರುತ್ತೆ. ಅದಕ್ಕೇ ವಾಸನೆ ಏರುತ್ತೆ. ಇದು ಒಂದೇ ಬೆಣ್ಣೆ ಹಳೇದಾಗೋ ಸಾಲು. ಬೋರ್ಡಿನ ಮೇಲಿನ ಸಾಲು ಹಂಗಲ್ಲ."

ನನಗೆ ಅರ್ಥವಾಗಲಿಲ್ಲ. ಮುಖ ನೋಡಿಯೇ ಅವರಿಗೆ ತಿಳಿಯಿತು. ಸುತ್ತ ಒಮ್ಮೆ ಕಣ್ಣಾಡಿಸಿ, "ಮೂವರೂ ಎದ್ದು ನನಗೆ ಬೆನ್ನು ಕೊಟ್ಟು ನಿಲ್ರಿ," ಎಂದರು. ಹೆಣ್ಣು ನೋಡಲು ಬಂದವರು ಕೂಡ ಹೀಗೆ ನಿಲ್ಲಿಸಿರಲಿಲ್ಲ ಎಂದು ಗಿರಿಜಕ್ಕ ಗೊಣಗಿದಳು. ನಿಂತೆವು. ನನ್ನ ಜಡೆ ಬೆನ್ನಿನ ನಡುವಿಗೆ, ಶಾಂತಕ್ಕನದು ಅದಕ್ಕಿಂತ ಒಂದು ಹೆಣಿಗೆ ಕೆಳಗೆ, ಗಿರಿಜಕ್ಕನದು ಇನ್ನೊಂದು ಹೆಣಿಗೆ ಕೆಳಗೆ. ಅವ್ವ ಒಂದೇ ಉಂಡೆಯಿಂದ ಕತ್ತರಿಸಿ ಕೊಟ್ಟ ಕೆಂಪು ಟೇಪು ಮೂವರ ತುದಿಗೂ.

"ತುದಿಯ ಟೇಪು ಎಲ್ಲರಿಗೂ ಒಂದೇ. ಅದು ಕ್ರಿಯಾಗುಂಪು. ನೋಡಿದ ಕೂಡಲೇ ಒಂದೇ ಮನೆಯೋರು ಅಂತ ಗೊತ್ತಾಗೋದು ಅದರಿಂದ. ಹೆಣಿಗೆ ಮಾತ್ರ ಒಬ್ಬರಿಗಿಂತ ಒಬ್ಬರಿಗೆ ಒಂದು ಜಾಸ್ತಿ. ಈಗ ಹೇಳು, ಶಾಂತಾ ಹಳೇದಾದ್ರೆ ಗಿರಿಜಾ ಆಗ್ತಾಳಾ?"

"ಅಯ್ಯ ನಮ್ಮವ್ವಾ," ಎಂದಳು ಅಜ್ಜಿ, "ಗಿರಿಜಾನ ಬಾಯಿ ಇವಳಿಗೆಲ್ಲಿಂದ ಬರ್ಬೇಕ್ರಿ!"

ಎಲ್ಲರೂ ನಕ್ಕೆವು. ಟೀಚರೂ ನಕ್ಕು, ಮತ್ತೆ ಕೇಳಿದರು:

"ಸರಿ. ಸಾಲಲ್ಲಿ ಕಾಯ್ತಾ ನಿಂತರೆ ಪಾರ್ವತಿ ಶಾಂತಾ ಆಗ್ತಾಳಾ?"

ಈ ಸಲ ಯಾರೂ ನಗಲಿಲ್ಲ. ಅವರು ಕೇಳಿದ್ದು ಆಮ್ಲದ ವಿಷಯ. ಸಂಕ್ರಾಂತಿ ಕಳೆದ ಮೇಲೆ ನಾನು ಕೂರಬೇಕಾದ ಮಣೆ ಅವರ ಪಕ್ಕದ ಬಾಗಿಲಾಚೆಯೇ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಅಜ್ಜಿಯ ಮುಖ ನೋಡಿದೆ, ಅಜ್ಜಿ ಅವ್ವನ ಮುಖ ನೋಡಿದಳು. ಕೊನೆಗೆ ಉತ್ತರ ಕೊಟ್ಟವಳು ಶಾಂತಕ್ಕ, ಬಾಚಣಿಗೆಯ ಹಲ್ಲಿಗೆ ಸಿಕ್ಕಿದ ಕೂದಲು ಬಿಡಿಸುತ್ತ.

"ಇಲ್ರಿ ಟೀಚರ್. ಆಗಲ್ಲ."

"ಅಷ್ಟೇ. ಅಕ್ಕಪಕ್ಕದೋರಲ್ಲಿ ಹೋಲಿಕೆ ಇರುತ್ತೆ. ಆದ್ರೆ ಕುದಿಯೋ ಬಿಸಿ ಬೇರೆ, ವಾಸನೆ ಬೇರೆ, ಅವರವರದು ಅವರವರಿಗೆ. ಒಂದೇ ಸಾಲಲ್ಲಿ ನಿಂತಿದಾರೆ ಅಂದ್ರೆ ಒಬ್ಬರು ಇನ್ನೊಬ್ಬರಾಗೋಕೆ ನಿಂತಿದಾರೆ ಅಂತಲ್ಲ." ಗಾಡಿಗೆ ಹೊತ್ತಾಯಿತೆಂದು ಬೆಣ್ಣೆ ಕಟ್ಟಿಸಿಕೊಂಡು ಹೊರಟೇಬಿಟ್ಟರು.

ದೀಪ ಹಚ್ಚಿ, ಅಪ್ಪ ಬಂದು ಪೂಜೆ ಮುಗಿಸಿ ಊಟಕ್ಕೆ ಕೂತರು. ರೊಟ್ಟಿ, ಹೆಸರುಕಾಳಿನ ಪಲ್ಯ, ಸೋಮವಾರದ ಮೊಸರು. ಗಿರಿಜಕ್ಕನ ಮದುವೆಯ ಮಾತು ನಡೆದಿತ್ತು. ಶಾಂತಕ್ಕ ರೊಟ್ಟಿ ಹಾಕುತ್ತಿದ್ದವಳು, ತಲೆ ಎತ್ತದೆ ಹೇಳಿದಳು.

"ಅಜ್ಜಿ, ಪಾರೀನ ಒಲೆ ಮುಂದೆ ಕೂಡ್ರಿಸಾದು ಬ್ಯಾಡ."

"ಮತ್ತೆ ಯಾರು ಕೂಡ್ತಾರೆ? ನಿನ್ನ ಗಂಡ ಬರ್ತಾನಾ?"

"ಅವನು ಬರೋತನಕ ನಾನೇ ಎರಡೂ ನೋಡ್ಕೆಂತೀನಿ. ಬೆಳಗ್ಗೆ ತೊಳೀತೀನಿ, ಮಧ್ಯಾಹ್ನ ಕಾಸ್ತೀನಿ."

"ಹೇಳಾಕ ಸಲೀಸು," ಎಂದಳು ಅವ್ವ. "ಕೈ ಬಿದ್ದು ಹೋಗ್ತಾವೆ. ಯಾಕ, ನಿನ್ನ ಬಿಡಿಸಿದಾಗ ನೀನು ಸುಮ್ಮನಿದ್ದೆಲ್ಲ?"

"ಸುಮ್ಮನಿದ್ದೆ. ನನ್ನ ಯಾರೂ ಕೇಳಲಿಲ್ಲ. ಇವಳನ್ನೂ ಯಾರೂ ಕೇಳಲ್ಲ, ಅದಕ್ಕೇ ನಾನು ಹೇಳ್ತಿರೋದು. ಅವಳು ನಾನಲ್ಲವ್ವಾ."

ದನಿ ಎತ್ತಿರಲಿಲ್ಲ ಶಾಂತಕ್ಕ. ಆದರೂ ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ಇದೆಲ್ಲ ಆ ಟೀಚರ್ ಹಚ್ಚಿಟ್ಟು ಹೋದದ್ದು, ಜಡೆ ಎಣಿಸಿದರೆ ಬೆಣ್ಣೆ ತುಪ್ಪವಾಗುತ್ತದೆಯೇ ಎಂದು ಅಜ್ಜಿ ಶುರು ಮಾಡಿದಳು. ಆಗ, ಮದುವೆಯ ಮಾತಿನಲ್ಲೂ ಹೂಂ ಅನ್ನುವುದು ಬಿಟ್ಟು ಬೇರೆ ಆಡದಿದ್ದ ಅಪ್ಪ, ತಟ್ಟೆಗೆ ನೀರು ಹಾಕಿ ಎದ್ದು, ದೇವರ ಜಗಲಿಯ ಕಡೆ ಕೈ ತೋರಿಸಿದರು.

"ಸೋಮವಾರ ಹುಟ್ಟಿದ ಮಾತು. ಶಿವನ ವಾರ. ಬೆಂಕಿಗೆ ಹಾಕಾದು ಬ್ಯಾಡ."

ಅಜ್ಜಿಯ ನೇಮವನ್ನೇ ಅಜ್ಜಿಗೆ ತಿರುಗಿಸಿದ್ದರು. ಅವಳು ಬಾಯಿ ತೆರೆದು, ಮಗನ ಹಣೆಯ ವಿಭೂತಿ ನೋಡಿ, ಮುಚ್ಚಿದಳು. ಅಪ್ಪ ನನಗೆ ಏನೇನು ಕೊಟ್ಟರು ಎಂದು ಯಾರಾದರೂ ಕೇಳಿದರೆ ಮೊದಲು ಆ ಮಾತು ಹೇಳುತ್ತೇನೆ.

ಮದುವೆ ಆಯಿತು. ಗಿರಿಜಕ್ಕ ಹೋದ ಮಾರನೆಯ ದಿನ ಶಾಂತಕ್ಕ ತೊಳೆಯುವ ಮಣೆಗೆ ಬಂದಳು. ಒಲೆಯ ಮುಂದಿನ ಮಣೆಯನ್ನು ಅವ್ವ ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. ನಮ್ಮಲ್ಲಿ ಮಣೆ ಒರಗಿಸಿದರೆ ಅಲ್ಲಿ ಯಾರೂ ಕೂರುವಂತಿಲ್ಲ ಎಂದರ್ಥ. ಎರಡೂ ತಾನೇ ನೋಡುತ್ತೇನೆಂದ ಶಾಂತಕ್ಕನಿಗೆ ಅರ್ಧವನ್ನೇ ಕೊಟ್ಟು, ಉಳಿದರ್ಧ ಅವ್ವ ತಾನೇ ಹೊತ್ತಳು. ಮಧ್ಯಾಹ್ನ ತಕ್ಕಡಿ ಎತ್ತಿಟ್ಟು ಬಂದು ಬರಿ ನೆಲದ ಮೇಲೆ ಕೂತು ಬೆಣ್ಣೆ ಕಾಸುತ್ತಿದ್ದಳು. ಮಣೆ ಹಾಕಿಕೋ ಎಂದರೆ, "ಬ್ಯಾಡ, ನೆಲ ತಣ್ಣಗೈತೆ," ಎನ್ನುತ್ತಿದ್ದಳು, ಉರಿಯುವ ಒಲೆಯ ಮುಂದೆ ಬೆವರೊರೆಸಿಕೊಳ್ಳುತ್ತ. ನಾನು ಪಕ್ಕದ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ಶಾಂತಕ್ಕ ಬೆಣ್ಣೆ ತೊಳೆಯುತ್ತ ಕೇಳಬೇಕು. ಆಮ್ಲಗಳ ಸಾಲು ಅವಳಿಗೆ ನನಗಿಂತ ಮೊದಲು ಬಾಯಿಗೆ ಬಂತು. ಬರಬರುತ್ತ ಕೊನೆಯ ಬೋಗುಣಿಗೆ ಅವಳು ಹೆಸರನ್ನೇ ಇಟ್ಟಳು.

"ಅವ್ವಾ, ಬ್ಯುಟಿರಿಕ್ ಬಂತು, ಒಲೆ ಹಚ್ಚು."

"ಯಾವೂರೋರೇ ಅವರು?" ಎಂದು ಅಜ್ಜಿ ಬಾಗಿಲ ಕಡೆ ಕತ್ತು ಚಾಚುತ್ತಿದ್ದಳು.

ಶಾಲೆಯಲ್ಲಿ ನನ್ನ ಪಕ್ಕದ ಗೇಣು ಜಾಗ ಹಾಗೆಯೇ ಉಳಿಯಿತು. ಆದರೆ ನಾನು ಮುದುರಿ ಕೂರುವುದನ್ನು ಬಿಟ್ಟೆ. ಯಾರಾದರೂ ಮೂಗು ಮುರಿದರೆ, "ನಾಲ್ಕು ಕಾರ್ಬನ್ ಕಣೇ, ಪರೀಕ್ಷೆಗೆ ಬರ್ತೈತೆ, ಸರಿಯಾಗಿ ಮೂಸು," ಎನ್ನುತ್ತಿದ್ದೆ. ನಾಚಿಕೆ ಎಲ್ಲಿ ಹೋಯಿತೋ ಶಿವನೇ ಬಲ್ಲ.

ಹತ್ತು ದಾಟಿದ ಮೇಲೆ ನಾನು ವಿಜ್ಞಾನವನ್ನೇ ತೆಗೆದುಕೊಂಡೆ, ಪದವಿಯವರೆಗೆ ಓದಿದೆ. ಮದುವೆಯಾಗಿ ಹರಿಹರಕ್ಕೆ ಬಂದೆ, ಟೀಚರ್ ದಿನಾ ಗಾಡಿ ಹತ್ತುತ್ತಿದ್ದ ಊರಿಗೆ. ಅಷ್ಟು ಓದಿ ಮನೆಯಲ್ಲೇ ಉಳಿದೆಯಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಉಳಿದೆ. ನನ್ನ ಮನೆ, ನಾನು ಆರಿಸಿಕೊಂಡದ್ದು. ಯಾರೋ ಎದ್ದ ಜಾಗಕ್ಕೆ ಸರಿದು ಬಂದವಳಲ್ಲ ನಾನು. ಹೊಳೆಯ ಕಡೆಯಿಂದ ಗಾಳಿ ಬರುವ ಅಡುಗೆಮನೆಯಿದೆ, ಬೆಳಗ್ಗೆ ಪೂಜೆಗೆ ಯಾರೂ ಅವಸರ ಮಾಡದ ಅರ್ಧ ಗಂಟೆಯಿದೆ. ಓಣಿಯ ಮಕ್ಕಳು ರಸಾಯನಶಾಸ್ತ್ರ ಹಿಡಿದುಕೊಂಡು ಬಂದರೆ ಮೊದಲು ಅವರ ಬೆನ್ನು ತಿರುಗಿಸಿ ಜಡೆ ನೋಡುತ್ತೇನೆ. ಗಂಡುಹುಡುಗರಿಗೆ ಅಂಗಿಯ ಗುಂಡಿ ಎಣಿಸಲು ಹೇಳುತ್ತೇನೆ. ಶಾಂತಕ್ಕ ದಾವಣಗೆರೆಯಲ್ಲೇ ಇದ್ದಾಳೆ. ಅವ್ವನ ತಕ್ಕಡಿ ಈಗ ಅವಳದು. ಫೋನು ಮಾಡಿದರೆ ಎರಡನೇ ಮಾತೇ, "ಐದನೇ ಆಮ್ಲ ಯಾವುದೇ, ಮರ್ತೀಯಾ?" ಮರೆತಿಲ್ಲ. ಇಂಥ ಸಣ್ಣ ಸಣ್ಣ ಕೃಪೆಗಳನ್ನು ಪೋಣಿಸುತ್ತ ಹೋದರೆ ನನ್ನ ಜಪಮಾಲೆ ಸಾಕಾಗುವುದಿಲ್ಲ.

ಆದರೆ ಅವೆಲ್ಲಕ್ಕೂ ತುದಿಯ ಟೇಪಿನಂತೆ ಕಟ್ಟಿಕೊಂಡಿರುವುದು ಒಂದೇ ದಿನ. ಹತ್ತನೇ ಇಯತ್ತೆಯ ಫಲಿತಾಂಶ ಬಂದ ದಿನ. ಫಸ್ಟ್ ಕ್ಲಾಸ್ ಎಂದು ಕೂಗುತ್ತ ನಾನು ಓಣಿಯ ತುದಿಯಿಂದ ಓಡಿ ಬಂದೆ. ಅವ್ವ ಅಡುಗೆಮನೆಗೆ ಹೋಗಿ, ಗೋಡೆಗೆ ಒರಗಿಸಿದ್ದ ಮಣೆಯನ್ನು ತಂದು, ಸೆರಗಿನಿಂದ ಧೂಳೊರೆಸಿ, ದೇವರ ಜಗಲಿಯ ಮುಂದೆ ಹಾಕಿದಳು. ಆವತ್ತಿನ ಬೆಣ್ಣೆ ಇಡುವ ಜಾಗದ ಎದುರಿಗೆ.

"ಕೂಡ್ರು," ಎಂದಳು.

ನಾನು ಕೂರಲಿಲ್ಲ. ಶಾಂತಕ್ಕ ತೊಳೆಯುವ ಕೈ ಹಾಗೇ ಮೇಲೆತ್ತಿ ನಿಂತು ನೋಡುತ್ತಿದ್ದಳು, ಮೊಣಕೈತನಕ ಬೆಣ್ಣೆ. ಅವಳ ರಟ್ಟೆ ಹಿಡಿದು ಎಳೆದೆ. ಮಣೆ ಒಬ್ಬರಿಗೆ ಮಾಡಿದ್ದು. ಇಬ್ಬರೂ ಅರ್ಧರ್ಧ ಕೂತೆವು, ಒಬ್ಬರು ಬೀಳದಂತೆ ಇನ್ನೊಬ್ಬರನ್ನು ಹಿಡಿದುಕೊಂಡು. ಅವ್ವ ಹೊಸ ತುಪ್ಪದ ಆರತಿ ಹಚ್ಚಿದಳು.

"ಪಾಸಾದೋಳು ಒಬ್ಬಳು," ಎಂದಳು ಅಜ್ಜಿ. "ಆರತಿ ಇಬ್ಬರಿಗೇನೇ?"

"ಇಬ್ಬರಿಗೆ ಬೆಳಗಿದ್ರೆ ದೀಪ ಏನು ಕಮ್ಮಿ ಆಗಲ್ಲ ಬಿಡ್ರಿ ಅತ್ತಿ," ಎಂದಳು ಅವ್ವ, ಆರತಿಯನ್ನು ಮೊದಲು ಶಾಂತಕ್ಕನ ಮುಖಕ್ಕೆ ಎತ್ತುತ್ತ.